ದಿಬ್ಬಣದ ಎರಡೂ ಕಡೆ ನಾನೇ

ಹಂಚಿನ ಕಾರ್ಖಾನೆ ಮುಚ್ಚಿದಾಗ ನಮಗೆಲ್ಲ ಒಂದಿಷ್ಟು ಗಂಟು ಕೈಗೆ ಬಂತು. ಜೊತೆಗಿದ್ದವರಲ್ಲಿ ಮೂವರು ರಿಕ್ಷಾ ಕೊಂಡರು. ಒಬ್ಬ ಹೊನ್ನಾವರದ ಬಸ್ ಸ್ಟ್ಯಾಂಡಿನ ಎದುರು ಸೋಡಾ ಅಂಗಡಿ ಹಾಕಿದ. ಇನ್ನೊಬ್ಬ ಎಮ್ಮೆ ಕಟ್ಟಿದ. ನಾನು ಸ್ಯಾಕ್ಸೋಫೋನ್ ಕೊಂಡೆ.

ಇದನ್ನು ಓದಿ ನಿಮಗೆ ನಗು ಬಂದಿದ್ದರೆ ನೀವು ನನ್ನ ಹೆಂಡತಿಯ ಕಡೆಯ ಸಂಬಂಧಿಕರೇ ಇರಬೇಕು. ಅವರೆಲ್ಲ ಹೀಗೆಯೇ ನಕ್ಕರು. ನಮ್ಮ ಮನೆತನದಲ್ಲಿ ಒಲೆಯನ್ನು ಬಿಟ್ಟು ಬೇರೇನನ್ನೂ ಊದಿದವರಿಲ್ಲ ಎಂಬುದು ನಿಜ. ಆದರೆ ಭಟ್ಕಳದ ಒಂದು ಮದುವೆಯಲ್ಲಿ ಆ ಬಂಗಾರದ ಬಣ್ಣದ ವಾದ್ಯವನ್ನು ಕಂಡ ದಿನದಿಂದ ನನ್ನೊಳಗೆ ಒಬ್ಬ ನಾದಯೋಗಿ ಎದ್ದು ಕೂತಿದ್ದ. ಎರಡು ವರ್ಷ ಪ್ರತಿ ಭಾನುವಾರ ಟೆಂಪೋ ಹಿಡಿದು ಭಟ್ಕಳಕ್ಕೆ ಹೋಗಿ ಕಲಿತೆ. ಡೋಲಿನ ಮಾಬ್ಲನನ್ನು ಕಟ್ಟಿಕೊಂಡು 'ಮಧುರಧ್ವನಿ ವಾದ್ಯವೃಂದ' ಎಂದು ಬೋರ್ಡು ಬರೆಸಿದೆ. (ವೃಂದದಲ್ಲಿ ಇಬ್ಬರೇ ಇದ್ದೆವು. ಬೋರ್ಡು ಹಿಡಿದು ನಿಲ್ಲಲು ಮೂರನೆಯವನು ಬೇಕಿತ್ತು.)

"ರಿಕ್ಷಾ ಆಗಿದ್ರೆ ಹಾರ್ನ್ ಜೊತಿಗೆ ಮೀಟರೂ ಬರ್ತಿತ್ತು," ಅಂದಳು ನೀಲಾ. ನೀಲಾ ಎಂದರೆ ನನ್ನ ಧರ್ಮಪತ್ನಿ.

ಹಾಗೆಂದರೂ ಅವಳು ನನ್ನನ್ನು ಬಿಟ್ಟುಕೊಟ್ಟವಳಲ್ಲ. ಹಿತ್ತಿಲ ಹಲಸಿನ ಮರದ ಕೆಳಗೆ ನಾನು ದಿನಾ ಸಾಧನೆ ಮಾಡುವಾಗ ಪಕ್ಕದ ಮನೆಯ ಬಂಗಾರಿ ಬೇಲಿಯ ಮೇಲಿಂದ ತಲೆಹಾಕಿ "ಯಾರಿಗೆ ಹುಷಾರಿಲ್ಲ?" ಎಂದು ಕೇಳಿದರೆ, ಬೇಲಿಗೆ ಹೋಗಿ ಜಗಳ ಮಾಡಿ ಬರುತ್ತಿದ್ದವಳು ಇವಳೇ. ತಪ್ಪು ಬಂಗಾರಿಯದೂ ಅಲ್ಲ. ದಿಬ್ಬಣಕ್ಕೆಂದೇ ನಾನು ಕಲಿತ ಒಂದು ಕೃತಿಯಲ್ಲಿ ಮೇಲಿನ ಸ್ವರಕ್ಕೆ ಹತ್ತುವ ಜಾಗ ಒಂದಿದೆ. ಅಲ್ಲಿ ನನ್ನ ವಾದ್ಯ ಪ್ರತಿ ಸಲವೂ ತಪ್ಪದೆ 'ಕೀಂ' ಎಂದು ಕಿರುಚುತ್ತದೆ. ಗುರುಗಳು ತುಟಿಯ ದೋಷ ಎಂದರು. ನಾನು ವಾದ್ಯದ ದೋಷ ಎಂದೆ. ನೀಲಾ ತನ್ನ ಹಣೆಬರಹದ ದೋಷ ಎಂದಳು.

ಕಾರ್ಯಕ್ರಮಗಳು ಬರುತ್ತಿರಲಿಲ್ಲ ಎಂದಲ್ಲ. ಕ್ರಿಕೆಟ್ ಪಂದ್ಯಾವಳಿಯ ಬಹುಮಾನ ವಿತರಣೆ, ಬಸ್ ತಂಗುದಾಣದ ಉದ್ಘಾಟನೆ, ಬಟ್ಟೆ ಅಂಗಡಿಯ ಪ್ರಾರಂಭೋತ್ಸವ, ಎಲ್ಲಕ್ಕೂ ಕರೆಯುತ್ತಿದ್ದರು. ಎಲ್ಲ ಮುಗಿದ ಮೇಲೆ ಒಂದು ಶಾಲು ಹೊದೆಸಿ, ಕೈಮುಗಿದು, ಜೀಪು ಹತ್ತಿ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಹನ್ನೊಂದು ಶಾಲುಗಳಿದ್ದವು. ಸೆಕೆಗೆ ಬೆಂದುಹೋಗುವ ಈ ಕರಾವಳಿಯಲ್ಲಿ ಶಾಲು ಹೊದ್ದು ಯಾರು ಓಡಾಡುತ್ತಾರೆ? ನೀಲಾ ಎರಡನ್ನು ಕಿಟಕಿಗೆ ಹಾಕಿದಳು, ಒಂದನ್ನು ಅಕ್ಕಿ ಡಬ್ಬಿಗೆ ಮುಚ್ಚಿದಳು.

ಸ್ಯಾಕ್ಸೋಫೋನ್ ಕೊಂಡ ಏಳನೆಯ ವರ್ಷ, ೨೦೦೧ರ ಯುಗಾದಿಗೆ, ನೀಲಾಳ ಅಣ್ಣ ನಾಗರಾಜ ಮನೆಗೆ ಬಂದ. ಕುಮಟಾದಲ್ಲಿ ಅವನದು ಪಾತ್ರೆ ಅಂಗಡಿ. ಕಿಟಕಿಯ ಶಾಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೇಳಿದ:

"ಭಾವ, ಊದೂದು ಸಾಕು. ನನ್ನ ಅಂಗ್ಡಿಗೆ ಒಬ್ರು ಬೇಕು. ಕೊಪ್ಪರಿಗೆ ಬಡ್ದು ತೋರ್ಸೂದು, ಕಟ್ಟಿ ಕೊಡೂದು. ಅದ್ರಲ್ಲೂ ನಾದ ಅದೆ."

ಅಷ್ಟರಲ್ಲಿ ನೀಲಾ ನಡುವೆ ಬಂದಳು. "ಮೇ ತಿಂಗ್ಳು ಮುಗೀಲಿ ಅಣ್ಣಾ. ಅದ್ರೊಳಗೆ ಯಾರಾದ್ರೂ ವೀಳ್ಯ ಕೊಟ್ಟು ಇವ್ರನ್ನ ಲಗ್ನಕ್ಕೆ ಕರೀಲೇಬೇಕು, ಪೂರ್ತಿ ಸಂಭಾವ್ನೆ ಕೊಡ್ಲೇಬೇಕು. ಇಲ್ಲಾಂದ್ರೆ ನಾನೇ ಕರ್ಕಂಡು ಬಂದು ನಿನ್ನ ಅಂಗ್ಡೀಲಿ ಕೂರಿಸ್ತೆ."

"ಆತು," ಅಂದ ನಾಗರಾಜ. ನನ್ನನ್ನು ಯಾರೂ ಕೇಳಲಿಲ್ಲ.

ಏಪ್ರಿಲ್ ಹೋಯಿತು. ಮೇ ತಿಂಗಳ ಮೊದಲ ವಾರವೂ ಹೋಯಿತು. ಕನಸಿನಲ್ಲಿ ಕೊಪ್ಪರಿಗೆಗಳು ಬರತೊಡಗಿದವು. ಅಂಥ ಹೊತ್ತಿನಲ್ಲಿ ಹೊನ್ನಾವರದ ಪೇಟೆಯಲ್ಲಿ ಲಿಂಗಪ್ಪ ಎಂಬ ಹಿರಿಯರು ನನ್ನನ್ನು ತಡೆದು ನಿಲ್ಲಿಸಿದರು.

"ಮಧುರಧ್ವನಿಯವ್ರು ನೀವೇ ಅಲ್ವ? ಬಸ್ ಸ್ಟ್ಯಾಂಡಿನ ಹತ್ರ ಊದಿದ್ದು ಕೇಳಿದ್ದೆ. ನಮ್ಮ ಮಾಣಿದು ಲಗ್ನ, ಮೇ ಮೂವತ್ತಕ್ಕೆ. ಶಿರಾಲಿಯಿಂದ ಬೆಳಿಗ್ಗೆ ಏಳಕ್ಕೆ ದಿಬ್ಬಣದ ಬಸ್ಸು. ಬರೂಕೆ ಆಗ್ತದಾ?"

ಅಲ್ಲೇ ಅಂಗಡಿಯಿಂದ ಎಲೆ ಅಡಿಕೆ ತಂದು ಕೈಗಿಟ್ಟರು. ನಮ್ಮ ಕಡೆ ವಾದ್ಯದವನಿಗೆ ವೀಳ್ಯ ಎಂದರೆ ಅದೇ ಕರಾರುಪತ್ರ. ಹಿಡಿದ ವೀಳ್ಯವನ್ನು ಹಿಂದೆ ಕೊಟ್ಟವನನ್ನು ಆಮೇಲೆ ಯಾರೂ ಕರೆಯುವುದಿಲ್ಲ. ನಾನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡೆ. ಹುಡುಗ ಯಾರು, ಹುಡುಗಿ ಯಾರು, ಮದುವೆ ಯಾವ ಊರಲ್ಲಿ, ಒಂದನ್ನೂ ಕೇಳಲಿಲ್ಲ. ವೃತ್ತಿಪರರು ಮುಹೂರ್ತವನ್ನು ಮಾತ್ರ ಕೇಳುತ್ತಾರೆ ಎಂದು ನಾನೇ ಒಂದು ನಿಯಮ ಮಾಡಿಕೊಂಡಿದ್ದೆ.

ಹಾರುತ್ತ ಮನೆಗೆ ಬಂದೆ. ಬಾಯಿ ತೆರೆಯುವ ಮೊದಲೇ ನೀಲಾ ಹೇಳಿದಳು: "ಸುಪ್ರಿಯಾಳ ಲಗ್ನದ ದಿನ ಗಟ್ಟಿ ಆತು. ಮೇ ಮೂವತ್ತು."

ಸುಪ್ರಿಯಾ ಅವಳ ತಂಗಿ. ಮದುವೆ ಸಂತೆಗುಳಿಯಲ್ಲಿ, ಮಾವ ಕುಪ್ಪಣ್ಣನ ಮನೆಯಂಗಳದಲ್ಲಿ. ವೀಳ್ಯದ ಸುದ್ದಿ ಹೇಳಿದರೆ "ಹಿಂದೆ ಕೊಟ್ಟು ಬನ್ನಿ" ಎನ್ನುತ್ತಾಳೆ. ಹಿಂದೆ ಕೊಟ್ಟರೆ ಕೊಪ್ಪರಿಗೆ. ಕೊಡದಿದ್ದರೆ ತಂಗಿಯ ಮದುವೆಗೆ ಬಾರದ ಗಂಡ. ನಾನು ಎರಡು ದಿನ ಯೋಚಿಸಿ ಒಂದು ದಿವ್ಯವಾದ ಸುಳ್ಳು ಹೆಣೆದೆ.

"ಮೂವತ್ತನೇ ತಾರೀಖಿಗೆ ಆಕಾಶವಾಣಿಯ ಪರೀಕ್ಷೆಗೆ ಕರೆದಿದ್ದಾರೆ," ಎಂದೆ. ಅವಳ ಮುಖ ಅರಳಿತು ನೋಡಿ, ಅಂಥ ಮುಖವನ್ನು ಮದುವೆಯ ದಿನವೂ ನಾನು ಕಂಡಿರಲಿಲ್ಲ. "ಹೋಗಿ, ಹೋಗಿ. ಲಗ್ನ ನಾನು ನೋಡ್ಕಂತೆ," ಅಂದಳು. ಸಂಭಾವನೆಯನ್ನು ತಂದು ಅವಳ ಕೈಯಲ್ಲಿಟ್ಟ ಮೇಲೆ ಎಲ್ಲ ಹೇಳಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ನೀವು ಕೇಳಬಹುದು: ನಾದಿನಿಯನ್ನು ಮದುವೆಯಾಗುವ ಹುಡುಗನ ಊರು ನಿನಗೆ ಗೊತ್ತಿರಲಿಲ್ಲವೇ? ನಿಶ್ಚಯದ ದಿನ ನಾನು ಬಟ್ಟೆ ಅಂಗಡಿಯ ಎದುರು ಊದುತ್ತಿದ್ದೆ. ನೀಲಾ ಹುಡುಗನ ಊರು, ಹೆಸರು, ನೌಕರಿ ಎಲ್ಲ ಹೇಳಿದ್ದು ನಾನು ಹಲಸಿನ ಮರದ ಕೆಳಗೆ ಊದುತ್ತಿದ್ದಾಗ. ನಾನು ತಲೆಯಾಡಿಸಿದ್ದೆ (ತಾಳಕ್ಕೆ). ಲಗ್ನಪತ್ರಿಕೆ ಬಂದಾಗ ಅದರಲ್ಲಿ ನನ್ನ ಹೆಸರಿನ ಮುಂದೆ 'ಸ್ಯಾಕ್ಸೋಫೋನ್ ವಾದಕರು' ಎಂದು ಹಾಕಿಸಿದ್ದಾರೋ ಎಂದು ಮಾತ್ರ ನೋಡಿದೆ. ಹಾಕಿಸಿರಲಿಲ್ಲ. ಮುನಿಸಿಕೊಂಡು ಪತ್ರಿಕೆಯನ್ನು ಅಟ್ಟಕ್ಕೆಸೆದೆ.

ಮದುವೆಗೆ ಎರಡು ದಿನ ಮೊದಲೇ ನೀಲಾ ಸಂತೆಗುಳಿಗೆ ಹೋದಳು. ಮೂವತ್ತರ ಬೆಳಿಗ್ಗೆ ನಾನೂ ಮಾಬ್ಲನೂ ಜರಿ ಹಚ್ಚಿದ ಕೆಂಪು ಕೋಟು, ತಲೆಗೆ ಪೇಟ ತೊಟ್ಟು ಶಿರಾಲಿಗೆ ಹೋದೆವು. ಮದುಮಗ ಮುಂದಿನ ಕಾರಿನಲ್ಲಿ. ನಾವು ಬಸ್ಸಿನಲ್ಲಿ, ಲಿಂಗಪ್ಪನವರ ಪಕ್ಕದಲ್ಲಿ. ಬಸ್ಸು ಉತ್ತರಕ್ಕೆ ಹೊರಟಿತು. ಮುರ್ಡೇಶ್ವರ ದಾಟಿತು, ಮಂಕಿ ದಾಟಿತು. ಶರಾವತಿ ಸೇತುವೆಯ ಮೇಲೆ ನಾನು ಕಿಟಕಿಯ ಗಾಳಿಗೆ ಮುಖವೊಡ್ಡಿ, ನಾನೀಗ ವೃತ್ತಿಪರ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಹೊನ್ನಾವರ ಹಿಂದೆ ಹೋಯಿತು. ಬಸ್ಸು ಇನ್ನೂ ಉತ್ತರಕ್ಕೇ ಹೋಗುತ್ತಿತ್ತು. ಆಗ ಮೊದಲ ಸಲ ಕೇಳಬೇಕೆನಿಸಿತು.

"ಹುಡುಗಿ ಮನೆ ಎಲ್ಲಿ?"

"ಸಂತೆಗುಳಿ," ಅಂದರು ಲಿಂಗಪ್ಪ.

ಸಂತೆಗುಳಿಯಲ್ಲಿ ಬೇಕಾದಷ್ಟು ಮನೆಗಳಿವೆ, ಮೇ ಮೂವತ್ತಕ್ಕೆ ಬೇಕಾದಷ್ಟು ಮದುವೆಗಳಿವೆ ಎಂದು ನಾನು ಎದೆಗೆ ಧೈರ್ಯ ಹೇಳಿದೆ. "ಯಾರ ಮನೆ?"

"ಕುಪ್ಪಣ್ಣ ಅಂತ. ಒಳ್ಳೇ ಜನ. ಅವ್ರ ಹಿರೇ ಅಳಿಯ ನಿಮ್ಮ ಹಾಗೇ ಎಂತದೋ ಊದ್ತಾನಂತೆ. ಇವತ್ತು ಲಗ್ನಕ್ಕೂ ಬರೂದಿಲ್ಲ, ರೇಡಿಯೋದವ್ರು ಕರ್ದಾರಂತೆ. ದೊಡ್ಡ ಕಲಾವಿದ ಇರ್ಬೇಕು. ನಿಮ್ಗೆ ಗುರ್ತ ಅದೆಯಾ?"

"ಸ್ವಲ್ಪ," ಎಂದೆ.

ಮಾಬ್ಲ ನನ್ನ ಕಿವಿಗೆ ಬಾಯಿಟ್ಟ. "ಬಸ್ಸಿನ ಎದುರು ಗಾಜಿಗೆ ಸುಪ್ರಿಯಾ ಅಂತ ಬರ್ದದ್ದು ನೀವು ನೋಡ್ಲಿಲ್ವ? ನಿಮ್ಮನೆ ಲಗ್ನ ಹೇಳೇ ನೀವು ಒಪ್ಪಿದ್ದು ಅಂದ್ಕಂಡೆ ನಾನು."

ಬಸ್ಸು ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿತು. ನನಗೆ ಬಾಗಿಲಿನಿಂದ ಹಾರಬೇಕೆನಿಸಿತು. ಆದರೆ ಸ್ಯಾಕ್ಸೋಫೋನನ್ನು ಕೊರಳಿಗೆ ಹಾಕಿಕೊಂಡು ಯಾರು ಹಾರುತ್ತಾರೆ? ಕಡೆಗೆ ಒಂದು ಉಪಾಯ ಹೊಳೆಯಿತು. ಊದುವಾಗ ನನ್ನ ಕೆನ್ನೆಗಳು ಎಷ್ಟು ಉಬ್ಬುತ್ತವೆಂದರೆ ಹೆತ್ತ ತಾಯಿಯೂ ಗುರುತು ಹಿಡಿಯಲಾರಳು. ಪೇಟವನ್ನು ಹುಬ್ಬಿನವರೆಗೆ ಎಳೆದುಕೊಂಡು, ನಿಲ್ಲಿಸದೆ ಊದಿ, ಮದುಮಗನನ್ನು ಒಳಗೆ ಕಳಿಸಿ, ಚಪ್ಪರದ ಹಿಂದೆ ಅಡಗಿಬಿಡುವುದು.

ಗದ್ದೆಯ ಅಂಚಿನಲ್ಲಿ ಇಳಿದೆವು. ನಾನು ಊದಲು ಶುರು ಮಾಡಿದೆ. ಮಾಬ್ಲ ಬಡಿದ. ದಿಬ್ಬಣ ಹೊರಟಿತು. ಎದುರಿಗೆ ಹೆಣ್ಣಿನ ಕಡೆಯವರು ಸಾಲಾಗಿ ನಿಂತಿದ್ದರು: ಮಾವ, ನಾಗರಾಜ, ಆರತಿ ಹಿಡಿದ ನೀಲಾ, ಮತ್ತು ಇಡೀ ಕುಟುಂಬಕ್ಕೆ ಹಿರಿಯಳಾದ ಹನುಮಕ್ಕ, ಮಾವನ ಅಕ್ಕ. ಶಾಸ್ತ್ರದ ವಿಷಯದಲ್ಲಿ ಹನುಮಕ್ಕನ ಮಾತಿಗೆ ಅಪೀಲು ಇಲ್ಲ. ನಾನು ಕೆನ್ನೆಯನ್ನು ಇನ್ನಷ್ಟು ಉಬ್ಬಿಸಿದೆ. ನಾಗರಾಜ ನನ್ನನ್ನು ನೋಡಿದ, ಗುರುತಿಸಲಿಲ್ಲ. ಮಾವ ನೋಡಿದರು, ಗುರುತಿಸಲಿಲ್ಲ. ಗೆದ್ದೆ ಎಂದುಕೊಂಡು ಮೇಲಿನ ಸ್ವರಕ್ಕೆ ಹತ್ತಿದೆ.

'ಕೀಂ' ಎಂದಿತು ವಾದ್ಯ.

ನೀಲಾ ಆರತಿ ತಟ್ಟೆಯಿಂದ ತಲೆಯೆತ್ತಿದಳು. ಆ ಜಾಗದಲ್ಲಿ ಹಾಗೆ ಕಿರುಚಿಸುವವನು ಈ ಜಿಲ್ಲೆಯಲ್ಲಿ ಒಬ್ಬನೇ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ನೇರ ನನ್ನೆದುರು ಬಂದು ನಿಂತಳು. ನಾನು ಊದುತ್ತಲೇ ಇದ್ದೆ. ಊದುತ್ತಿರುವಷ್ಟು ಹೊತ್ತು ಉತ್ತರ ಕೊಡುವ ಕಷ್ಟವಿರುವುದಿಲ್ಲ.

ಆಗ ಹನುಮಕ್ಕ ಕೂಗಿದಳು: "ಮದುಮಗನ ಕಾಲಿಗೆ ನೀರು ಕೊಡ್ಬೇಕು. ಹಿರೇ ಅಳಿಯ ಇಲ್ಲ ಅಲ್ವ, ಮತ್ಯಾರು ಕೊಡೂದು?"

"ಹಿರೇ ಅಳಿಯ ಇಲ್ಲೇ ಅವ್ರೆ," ಅಂದಳು ನೀಲಾ, ಆರತಿಯನ್ನು ನನ್ನ ಮುಖದ ಹತ್ತಿರ ಹಿಡಿದು.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಹಿರಿಯಳಿಯನಿರುವಾಗ ಬೇರೆಯವರು ನೀರು ಕೊಡುವಂತಿಲ್ಲ, ಅದು ಆ ಮನೆಯ ಪದ್ಧತಿ. ಮಾವ ಬಂದು ನನ್ನ ತೋಳು ಹಿಡಿದರು. ಲಿಂಗಪ್ಪ ಇನ್ನೊಂದು ತೋಳು ಹಿಡಿದರು.

"ಬಿಡಿ ಅವ್ರನ್ನ. ಮದುಮಗ ಚಪ್ಪರಕ್ಕೆ ಕಾಲಿಡೂವರೆಗೆ ವಾದ್ಯ ನಿಲ್ಸೂಕೆ ಆಗೂದಿಲ್ಲ. ವೀಳ್ಯ ಕೊಟ್ಟದ್ದು ನಾವು!"

"ಹೆಣ್ಣು ಕೊಟ್ಟದ್ದು ನಾವು!" ಅಂದರು ಮಾವ.

ಇಬ್ಬರೂ ಸರಿಯೇ. ನಾನು ನೀರು ಕೊಡದೆ ಮದುಮಗ ಒಳಗೆ ಕಾಲಿಡುವಂತಿಲ್ಲ. ಮದುಮಗ ಒಳಗೆ ಕಾಲಿಡದೆ ನಾನು ಊದುವುದನ್ನು ನಿಲ್ಲಿಸುವಂತಿಲ್ಲ. ನಾನು ಊದುವುದನ್ನು ನಿಲ್ಲಿಸದೆ ನೀರು ಕೊಡುವುದು ಹೇಗೆ? "ಡೋಲು ಅದೆಯಲ್ಲ, ಸಾಕು," ಎಂದ ನಾಗರಾಜ. "ಊದೂ ವಾದ್ಯ ನಿಲ್ಲೂಕೆ ಆಗೂದಿಲ್ಲ, ಅಪಶಕುನ," ಎಂದಳು ಹನುಮಕ್ಕ. ಮುಹೂರ್ತ ಹತ್ತಿರವಾಗುತ್ತಿದೆಯೆಂದು ಭಟ್ಟರು ಚಪ್ಪರದಿಂದಲೇ ಗಡಿಯಾರ ತೋರಿಸುತ್ತಿದ್ದರು. ನನ್ನ ಕಣ್ಣು ಮೇಲಕ್ಕೆ ಸಿಕ್ಕಿತ್ತು. ಉಸಿರು ಮುಗಿಯುತ್ತ ಬಂದಿತ್ತು.

ನೀಲಾ ನೀರಿನ ತಂಬಿಗೆಯನ್ನು ತಂದು ನನ್ನ ಬಲಗೈಗೆ ತುರುಕಿದಳು. "ಎಡಗೈಲಿ ಎಷ್ಟು ಬರ್ತದೋ ಅಷ್ಟು ಊದಿ. ಬಲಗೈಲಿ ನೀರು ಹೊಯ್ಯಿ. ಹುಂ!"

ಎಡಗೈಯೊಂದಕ್ಕೆ ಸಿಕ್ಕಿದ್ದು ಮೂರು ಸ್ವರ. ಆ ಮೂರನ್ನೇ ಹಿಂದೆ ಮುಂದೆ ಮಾಡುತ್ತ, ಕೊರಳಿಗೆ ತೂಗುವ ವಾದ್ಯದೊಂದಿಗೆ ಅರ್ಧ ಬಗ್ಗಿ, ನಾನು ಷಡ್ಡಕನ ಪಾದಪ್ರಕ್ಷಾಲನ ನೆರವೇರಿಸಿದೆ. ಪಾದಕ್ಕೆ ಬಿದ್ದದ್ದಕ್ಕಿಂತ ಹೆಚ್ಚು ನೀರು ಅವನ ಹೊಸ ಪಂಚೆಗೆ ಬಿತ್ತು. ಸಂಗೀತದ ಇತಿಹಾಸದಲ್ಲಿ ಇಂಥ ಜುಗಲ್‌ಬಂದಿ ನಡೆದಿರಲಾರದು. ಮಕ್ಕಳು ಚಪ್ಪಾಳೆ ತಟ್ಟಿದರು. ಮದುಮಗ ಒದ್ದೆ ಪಂಚೆಯಲ್ಲಿ ಒಳಗೆ ಕಾಲಿಟ್ಟ. ನಾನು ಅಲ್ಲೇ ಕೂತುಬಿಟ್ಟೆ.

ಧಾರೆ ಮುಗಿಯುವವರೆಗೆ ನೀಲಾ ನನ್ನತ್ತ ನೋಡಲಿಲ್ಲ. ಆಮೇಲೆ ಬಚ್ಚಲ ಹಿಂದೆ, ನೀರು ಕಾಯಿಸುವ ಹಂಡೆಯ ಹತ್ತಿರ ಕರೆದಳು.

"ರೇಡಿಯೋದವ್ರು ಎಂತ ಹೇಳಿದ್ರು?"

ನಾನು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡೆ.

"ಇಡೀ ಊರಿಗೆ ಹೇಳ್ದೆ. ಪಾತ್ರೆ ತೊಳೂ ಲಕ್ಕಿಗೂ ಹೇಳ್ದೆ. ನಮ್ಮೋರು ಇವತ್ತು ರೇಡಿಯೋದಲ್ಲಿ ಅಂತ. ನಂಗೆ ಮುಖ ಎಲ್ಲಿ ಇಡೂಕೆ ಜಾಗ ಅದೆ?"

"ತಪ್ಪಾಯಿತು ನೀಲಾ," ಎಂದೆ. "ಒಂದೇ ಒಂದು ಸಲ ಪೂರ್ತಿ ಸಂಭಾವನೆ ತಂದು ನಿನ್ನ ಕೈಯಲ್ಲಿ ಇಡಬೇಕು ಅಂತ ಆಸೆ ಇತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಊದಿದ್ದು ಕೇಳಿದ ಲಿಂಗಪ್ಪನವರು ಪೇಟೆಯಲ್ಲಿ ತಡೆದು ವೀಳ್ಯ ಕೊಟ್ಟರು. ಅದನ್ನು ಹಿಂದೆ ಕೊಡು ಅಂತ ನೀನು ಹೇಳುತ್ತೀಯ ಅಂತ ಹೆದರಿದೆ. ಏಳು ವರ್ಷದಿಂದ ನನ್ನ ಪರವಾಗಿ ಜಗಳ ಆಡುವವಳು ನೀನೊಬ್ಬಳೇ. ನಿನಗೆ ತೋರಿಸಲು ನನ್ನ ಹತ್ತಿರ ಶಾಲು ಬಿಟ್ಟು ಏನೂ ಇರಲಿಲ್ಲ."

ಅವಳು ಹಂಡೆಯ ಕೆಳಗಿನ ಕಟ್ಟಿಗೆಯನ್ನು ಒಳಗೆ ತಳ್ಳಿದಳು. ಹೊಗೆಗೋ ಏನೋ, ಕಣ್ಣೊರೆಸಿಕೊಂಡಳು. "ಸಂಭಾವ್ನೆ ಆದ್ರೂ ತಕಂಡ್ರಾ?"

ಇನ್ನೂ ತೆಗೆದುಕೊಂಡಿರಲಿಲ್ಲ. ಅದೇ ಹೊತ್ತಿಗೆ ಲಿಂಗಪ್ಪ ಹರಿವಾಣ ಹಿಡಿದು ಅಂಗಳಕ್ಕೆ ಬಂದರು. ನಾವಿಬ್ಬರೂ ಓಡಿದೆವು. ಮಾಬ್ಲನ ಕೈಗೆ ಅವರು ಅವನ ಪಾಲಿನ ಲಕೋಟೆ ಕೊಟ್ಟರು, ದಪ್ಪವಾಗಿಯೇ ಇತ್ತು. ನನ್ನ ಕೈಗೆ ತೆಂಗಿನಕಾಯಿ ಕೊಟ್ಟರು. ಮೇಲೊಂದು ಶಾಲು ಹೊದೆಸಿದರು.

"ನೀವೀಗ ನಮ್ಮ ನೆಂಟ್ರು. ನೆಂಟ್ರಿಗೆ ದುಡ್ಡು ಕೊಟ್ರೆ ನಿಮ್ಗೆ ಅವಮಾನ ಮಾಡ್ದಂಗೆ ಆಗ್ತದೆ," ಎಂದು ಕೈಮುಗಿದರು.

"ಮತ್ತೆಂತ!" ಎಂದರು ಮಾವ, ಬಹಳ ಅಭಿಮಾನದಿಂದ. "ಅಳಿಯಂದ್ರು ದುಡ್ಡು ಮುಟ್ಟೂ ಜನ ಅಲ್ಲ."

ಅಳಿಯಂದಿರು ಮುಟ್ಟುವ ಜನವೇ ಆಗಿದ್ದರು. ಆದರೆ ನೂರಾರು ಜನರ ಎದುರು ಅದನ್ನು ಹೇಳುವುದು ಹೇಗೆ? ಹನ್ನೆರಡನೆಯ ಶಾಲನ್ನು ಹೊದ್ದು, ಮೇ ತಿಂಗಳ ಬಿಸಿಲಿನಲ್ಲಿ, ಹಲ್ಲು ಕಿರಿದು ನಿಂತೆ. ನಾಗರಾಜ ನಿಧಾನವಾಗಿ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ.

"ಭಾವ, ನಾಳೆಗೆ ಮೇ ಮುಗೀತು. ಅಂಗ್ಡಿ ತೆಗ್ಯೂದು ಎಂಟು ಗಂಟೆಗೆ."

ನಾನು ನೀಲಾಳತ್ತ ನೋಡಲಿಲ್ಲ, ಧೈರ್ಯವಿರಲಿಲ್ಲ. ಕೊಪ್ಪರಿಗೆಗಳು ಕಣ್ಣೆದುರು ಸಾಲುಗಟ್ಟಿದವು. ಆಗ ಅವಳ ದನಿ ಕೇಳಿತು.

"ಅವ್ರು ಅಂಗ್ಡಿಗೆ ಬರೂದಿಲ್ಲ ಅಣ್ಣಾ."

"ಸಂಭಾವ್ನೆ ಎಲ್ಲಿ ಬಂತು?"

"ನೆಂಟಸ್ತನಕ್ಕೆ ಬರ್ಲಿಲ್ಲ. ಕರಿಯೂಕೆ ಬಂದವ್ರಿಗೆ ಇವ್ರು ಯಾರ ಅಳಿಯ ಹೇಳಿ ಗೊತ್ತಿತ್ತಾ? ದಾರೀಲಿ ಊದಿದ್ದು ಕೇಳಿ, ಹುಡ್ಕಂಡು ಬಂದು ವೀಳ್ಯ ಕೊಟ್ಟಾರೆ. ಉಸಿರು ಹೋಗ್ತಿದ್ರೂ ಇವ್ರು ವಾದ್ಯ ನಿಲ್ಸಲಿಲ್ಲ. ಎಲ್ಲಾ ನೋಡ್ಲಿಲ್ವಾ?" ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ಅವ್ರು ವಾದ್ಯದವ್ರು. ಪಾತ್ರೆ ಅಂಗ್ಡಿಯವ್ರಲ್ಲ."

ಏಳು ವರ್ಷ! ಏಳು ವರ್ಷದಿಂದ ನಾನು ಆ ಕುಟುಂಬದಲ್ಲಿ ಯಾರ ಬಾಯಿಂದಲಾದರೂ ಆ ಒಂದು ಮಾತು ಕೇಳಲು ಕಾದಿದ್ದೆ. ನಾಗರಾಜ ಊಟಕ್ಕೆ ನಡೆದ. ನಾನು ಶಾಲನ್ನು ಸರಿಮಾಡಿಕೊಂಡು, ಎದೆಯುಬ್ಬಿಸಿ, ಮೊದಲ ಪಂಕ್ತಿಯಲ್ಲಿ ಮಾವನ ಪಕ್ಕದಲ್ಲೇ ಹೋಗಿ ಕೂತೆ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಎಲೆಯ ತುದಿಗೆ ಉಪ್ಪು ಬಂತು, ಉಪ್ಪಿನಕಾಯಿ ಬಂತು, ಕಡ್ಲೆಬೇಳೆ ಪಾಯಸದ ಪರಿಮಳವೂ ಬಂತು. ಪಾಯಸದ ಪಾತ್ರೆ ಹಿಡಿದು ಬಂದವಳು ನೀಲಾ. ನನ್ನೆದುರು ನಿಂತಳು.

"ಇಲ್ಲಿ ಎಂತಕ್ಕೆ ಕೂತ್ರಿ?"

"ಊಟಕ್ಕೆ," ಎಂದೆ.

"ಇದು ನೆಂಟ್ರ ಪಂಕ್ತಿ. ವಾದ್ಯದವ್ರಿಗೆ ಕಡೇ ಪಂಕ್ತಿ. ಏಳಿ."

ನಾನು ಮಾವನ ಮುಖ ನೋಡಿದೆ. ಮಾವ ಹನುಮಕ್ಕನ ಮುಖ ನೋಡಿದರು. ಪದ್ಧತಿ ಸರಿಯಾಗಿದೆ ಎಂಬಂತೆ ಹನುಮಕ್ಕ ತಲೆಯಾಡಿಸಿದಳು. ನಾನು ಎದ್ದೆ. ನನ್ನ ಎಲೆಯ ಮುಂದೆ, ಬಡಿಸಿದ್ದ ಉಪ್ಪು ಉಪ್ಪಿನಕಾಯಿ ಸಮೇತ, ಲಿಂಗಪ್ಪ ಬಂದು ಕೂತರು.

"ಕಡೇ ಪಂಕ್ತಿ ಎಷ್ಟೊತ್ತಿಗೆ?" ಎಂದು ಸಣ್ಣ ದನಿಯಲ್ಲಿ ಕೇಳಿದೆ.

"ಇನ್ನೂ ನಾಲ್ಕು ಪಂಕ್ತಿ ಅದೆ," ಅಂದಳು ನೀಲಾ, ನಾಗರಾಜನ ಎಲೆಗೆ ಎರಡನೇ ಸೌಟು ಪಾಯಸ ಬಡಿಸುತ್ತ. "ಅಲ್ಲಿವರೆಗೆ ಸುಮ್ನೆ ನಿಲ್ಬೇಡಿ. ಊದಿ. ಉಂಬವ್ರಿಗೆ ಕೇಳ್ಬೇಕು."